ತಂಪು ಊರಿನ ಬಿಸಿಲು, ಅಂಗಡಿಯ ಟ್ಯೂಬು: ಓದುಗರ ಚರ್ಮದ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ವಯಸ್ಸು 36. ಎರಡನೆಯ ಹೆರಿಗೆಯಾದ ಮೇಲೆ ಎರಡೂ ಕೆನ್ನೆಗಳ ಮೇಲೆ, ಮೂಗಿನ ದಿಂಡಿನ ಮೇಲೆ ಬಂಗು ಬಂದಿದೆ. ನಮ್ಮದು ತಂಪು ಊರು. ವರ್ಷದಲ್ಲಿ ಅರ್ಧ ಭಾಗ ಮೋಡ, ಮಳೆ. ಶಾಲೆಗೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತೇನೆ. ಬಿಸಿಲಿಗೇ ಹೋಗದ ನನಗೆ ಬಂಗು ಏಕೆ? ಅತ್ತೆಯವರು ಹೇಳಿದರೆಂದು ನಿಂಬೆರಸ ಹಚ್ಚಿದೆ, ಮತ್ತಷ್ಟು ಕಪ್ಪಾಯಿತು. (ಮೂಡಿಗೆರೆ)

ಉತ್ತರ: ಬಿಸಿಲು ಎಂಬ ನಮ್ಮ ಮಾತಿನೊಳಗೇ ‘ಬಿಸಿ’ ಕೂತಿದೆ. ಹಾಗಾಗಿ ಮೈಗೆ ಬಿಸಿ ತಾಗದಿದ್ದರೆ ಬಿಸಿಲೇ ತಾಗಲಿಲ್ಲ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಚರ್ಮವನ್ನು ಕಪ್ಪಾಗಿಸುವುದು ಸೂರ್ಯನ ಶಾಖವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಅವಕ್ಕೂ ಗಾಳಿಯ ತಂಪಿಗೂ ಸಂಬಂಧವಿಲ್ಲ. ಸಮುದ್ರಮಟ್ಟದಿಂದ ಮೇಲೆ ಹೋದಂತೆಲ್ಲ ಆ ಕಿರಣಗಳನ್ನು ತಡೆಯುವ ಗಾಳಿಯ ಪದರ ತೆಳ್ಳಗಾಗುತ್ತದೆ. ಪ್ರತಿ ಸಾವಿರ ಮೀಟರಿಗೆ ಅವುಗಳ ಪ್ರಮಾಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಚಿಕ್ಕಮಗಳೂರು, ಹಾಸನ ಎರಡೂ ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಅಂದರೆ ಆಕಾಶ ತಿಳಿಯಾಗಿರುವ ದಿನ ಬೆವರಿಳಿಸುತ್ತಾ ಓಡಾಡುವ ಮಂಗಳೂರಿನವರಿಗಿಂತ ಸ್ವೆಟರ್ ಹಾಕಿಕೊಂಡ ನಮ್ಮ ಮುಖಕ್ಕೇ ಆ ಕಿರಣಗಳ ಪಾಲು ತುಸು ಹೆಚ್ಚು. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಾದ್ದರಿಂದ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯ ನಡುಹಗಲಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಬಿಸಿಲೆಲ್ಲಿ ಎಂದು ಕೇಳಬೇಡಿ. ಕಪ್ಪಗೆ ಕವಿದ ಮಳೆಮೋಡ ಬಹುಪಾಲನ್ನು ತಡೆಯುವುದು ನಿಜವಾದರೂ, ತೆಳುಮೋಡವನ್ನು ಆ ಕಿರಣಗಳು ಸಲೀಸಾಗಿ ದಾಟಿ ಬರುತ್ತವೆ.

ಇನ್ನು ಬಸ್ಸಿನ ವಿಷಯ. ಅತಿನೇರಳೆ ಕಿರಣಗಳಲ್ಲಿ ನಮ್ಮನ್ನು ತಲುಪುವವು ಎರಡು ಬಗೆ. ಚರ್ಮವನ್ನು ಸುಡುವ ‘ಬಿ’ ಬಗೆಯನ್ನು ಕಿಟಕಿಯ ಗಾಜು ತಡೆಯುತ್ತದೆ. ಚರ್ಮದ ಒಳಪದರಕ್ಕೆ ಇಳಿದು ಬಣ್ಣವನ್ನು ಗಾಢಗೊಳಿಸುವ ‘ಎ’ ಬಗೆಯ ಬಹುಭಾಗ ಗಾಜಿನ ಮೂಲಕವೇ ಒಳಗೆ ಬರುತ್ತದೆ. ನೀವು ಪ್ರತಿದಿನ ಒಂದೇ ಬದಿಯ ಕಿಟಕಿಗೆ ಕೂರುವವರಾದರೆ ಕನ್ನಡಿಯಲ್ಲಿ ಎರಡು ಕೆನ್ನೆಗಳನ್ನು ಹೋಲಿಸಿ ನೋಡಿ. ಬಂಗು ಸಾಮಾನ್ಯವಾಗಿ ಎರಡೂ ಕಡೆ ಒಂದೇ ರೀತಿ ಬರುವಂಥದು. ಆದರೂ ಕಿಟಕಿಯ ಕಡೆಯ ಕೆನ್ನೆ ಒಂದು ಛಾಯೆ ಗಾಢವಾಗಿರುವುದನ್ನು ನಾನು ಚಾಲಕರಲ್ಲಿ, ಶಿಕ್ಷಕಿಯರಲ್ಲಿ ಕಂಡಿದ್ದೇನೆ.

ಬಿಸಿಲೊಂದೇ ಬಂಗಿಗೆ ಕಾರಣವಲ್ಲ. ಮನೆತನದಲ್ಲಿ ಬಂದ ಒಲವು, ಬಸಿರಿನ ಹಾರ್ಮೋನುಗಳು, ಕೆಲವರಲ್ಲಿ ಗರ್ಭನಿರೋಧಕ ಮಾತ್ರೆಗಳು ಅದನ್ನು ಬಿತ್ತುತ್ತವೆ; ಬೆಳಕು ಅದಕ್ಕೆ ನೀರೆರೆಯುತ್ತದೆ. ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕೂ ನಮ್ಮಂಥ ಕಂದುಮೈಯವರಲ್ಲಿ ಬಂಗನ್ನು ಹೆಚ್ಚಿಸುತ್ತದೆ. ಆದುದರಿಂದ ನಿಮಗೆ ಬಿಳಿಯ ಸನ್‌ಸ್ಕ್ರೀನಿಗಿಂತ ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಡಬ್ಬಿಯ ಮೇಲೆ ‘ಎಸ್‌ಪಿಎಫ್’ ಎಂದು ಬರೆದಿರುವ ರಕ್ಷಣೆಯ ಅಂಕಿ 30 ಇದ್ದರೆ ಸಾಕು. ಅದು ‘ಬಿ’ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, ಎಸ್‌ಪಿಎಫ್ 50 ಸುಮಾರು ಶೇ 98ರಷ್ಟನ್ನು. ಆ ಒಂದಂಶದ ವ್ಯತ್ಯಾಸಕ್ಕಿಂತ ಎಷ್ಟು ಹಚ್ಚುತ್ತೀರಿ ಎಂಬುದೇ ಮುಖ್ಯ. ಎಸ್‌ಪಿಎಫ್ ಸಂಖ್ಯೆ ‘ಎ’ ಕಿರಣಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಡಬ್ಬಿಯ ಮೇಲೆ ‘ಪಿಎ’ ಎಂಬ ಗುರುತಿನ ಮುಂದಿರುವ ಕೂಡು ಚಿಹ್ನೆಗಳನ್ನು ಎಣಿಸಿ, ಮೂರೋ ನಾಲ್ಕೋ ಇರುವುದನ್ನು ಕೊಳ್ಳಿ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಬರುವಷ್ಟು ಮುಖಕ್ಕೆ ಮತ್ತು ಕುತ್ತಿಗೆಗೆ ಬೇಕು. ಅದು ಹೆಚ್ಚುಕಡಿಮೆ ಒಂದು ಗ್ರಾಂ. ಬೆಳಿಗ್ಗೆ ಹೊರಡುವ ಕಾಲು ಗಂಟೆ ಮೊದಲೊಮ್ಮೆ, ಮಧ್ಯಾಹ್ನ ಊಟದ ಬಿಡುವಿನಲ್ಲೊಮ್ಮೆ ಹಚ್ಚಿದರೆ 50 ಗ್ರಾಮಿನ ಟ್ಯೂಬು 25 ದಿನಕ್ಕೆ ಮುಗಿಯಬೇಕು. ‘ಒಂದು ಟ್ಯೂಬು ತಂದರೆ ಆರು ತಿಂಗಳು ಬರುತ್ತೆ ಡಾಕ್ಟರೇ’ ಎಂದು ಸಂತೋಷದಿಂದ ಹೇಳುವವರು ಸನ್‌ಸ್ಕ್ರೀನನ್ನು ಹಚ್ಚಿಕೊಂಡಿಲ್ಲ, ಮುಖಕ್ಕೆ ತೋರಿಸಿದ್ದಾರೆ ಅಷ್ಟೇ.

ನಿಂಬೆರಸವನ್ನು ಇಂದೇ ನಿಲ್ಲಿಸಿ. ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ಪದಾರ್ಥಗಳು ಚರ್ಮದ ಮೇಲಿದ್ದಾಗ ‘ಎ’ ಕಿರಣ ಬಿದ್ದರೆ ಅಲ್ಲಿ ಸುಟ್ಟ ಹಾಗಾಗಿ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ನಿಮಗೆ ಆದದ್ದು ಬಹುಶಃ ಅದೇ. ಬಂಗಿಗೆ ಅಜಿಲಾಯಿಕ್ ಆಮ್ಲ, ಹೈಡ್ರೋಕ್ವಿನೋನ್ ಮೊದಲಾದ ಔಷಧಗಳಿವೆ. ಹೈಡ್ರೋಕ್ವಿನೋನನ್ನು ವೈದ್ಯರ ಕಣ್ಗಾವಲಿನಲ್ಲಿ ಕೆಲವು ತಿಂಗಳು ಮಾತ್ರ ಬಳಸಬೇಕು. ಎರಡು ಮೂರು ತಿಂಗಳಾಗದೆ ಯಾವ ಔಷಧವೂ ಫಲ ತೋರದು. ಪೂರ್ತಿ ಹೋದ ಮೇಲೂ ಬಿಸಿಲಿನ ಎಚ್ಚರ ತಪ್ಪಿದರೆ ಬಂಗು ಮರಳುತ್ತದೆ. ಇದನ್ನು ಮೊದಲೇ ಹೇಳದೆ ‘ಹದಿನೈದು ದಿನದಲ್ಲಿ ಹೋಗುತ್ತದೆ’ ಎನ್ನುವವರ ಕ್ರೀಮಿನಲ್ಲಿ ಏನಿರುತ್ತದೆ ಎಂಬುದು ಮುಂದಿನ ಪ್ರಶ್ನೆಯ ಉತ್ತರದಲ್ಲಿದೆ.

ಪ್ರಶ್ನೆ: ನನಗೆ 24 ವರ್ಷ. ತೊಡೆಸಂದಿಯಲ್ಲಿ ಉಂಗುರದ ಆಕಾರದ, ತುರಿಸುವ ಹುಳುಕಡ್ಡಿ ಆಗಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬು ತಂದು ಹಚ್ಚಿದೆ. ನಾಲ್ಕೇ ದಿನದಲ್ಲಿ ತುರಿಕೆ ನಿಂತಿತು. ಬಿಟ್ಟ ವಾರಕ್ಕೆ ಮತ್ತೆ ಬಂತು. ಹೀಗೆ ಒಂದು ವರ್ಷದಲ್ಲಿ ಹನ್ನೊಂದು ಟ್ಯೂಬು ಮುಗಿಸಿದ್ದೇನೆ. ಈಗ ಸೊಂಟಕ್ಕೂ ಹಬ್ಬಿದೆ, ತೊಡೆಯ ಮೇಲೆ ಕೆಂಪು ಗೀರುಗಳು ಮೂಡಿವೆ. ಮನೆಯಲ್ಲಿ ತಂಗಿಗೂ ಶುರುವಾಗಿದೆ. (ಚನ್ನರಾಯಪಟ್ಟಣ)

ಉತ್ತರ: ಆ ಹನ್ನೊಂದನೆಯ ಟ್ಯೂಬು ಇನ್ನೂ ಮನೆಯಲ್ಲಿದ್ದರೆ ಅದರ ಹಿಂಭಾಗದ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ. ಕ್ಲೋಬೆಟಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ — ಇವುಗಳಲ್ಲಿ ಒಂದು ಹೆಸರು ಇದ್ದೇ ಇರುತ್ತದೆ ಎಂದು ನನ್ನ ಊಹೆ. ಜೊತೆಗೆ ಶಿಲೀಂಧ್ರ ಕೊಲ್ಲುವ ಔಷಧವೊಂದು, ಬ್ಯಾಕ್ಟೀರಿಯಾ ಕೊಲ್ಲುವ ಔಷಧವೊಂದು. ಮೊದಲು ಹೇಳಿದ ನಾಲ್ಕೂ ಸ್ಟೀರಾಯ್ಡ್‌ಗಳು. ಹುಳುಕಡ್ಡಿ ಎಂದರೂ, ಗಜಕರ್ಣ ಎಂದರೂ ಅದು ಹುಳುವಿನಿಂದ ಬಂದದ್ದಲ್ಲ, ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದ ಬಂದದ್ದು. ಅಲ್ಲಿ ಕಾಣುವ ಕೆಂಪು, ತುರಿಕೆ ಎಲ್ಲ ದೇಹ ಅದರೊಡನೆ ಕಾದಾಡುತ್ತಿರುವ ಗುರುತು. ಸ್ಟೀರಾಯ್ಡ್ ಹಚ್ಚಿದಾಗ ನಿಲ್ಲುವುದು ಶಿಲೀಂಧ್ರವಲ್ಲ, ಆ ಕಾದಾಟ. ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ಹಿತ್ತಲ ಬಾಗಿಲು ತೆಗೆದುಕೊಟ್ಟ ಹಾಗೆ. ಮನೆ ನಿಶ್ಶಬ್ದವಾಗಿರುತ್ತದೆ, ಕಳ್ಳ ಆರಾಮವಾಗಿ ಒಳಕೋಣೆಯವರೆಗೆ ಹೋಗುತ್ತಾನೆ. ಆಮೇಲೆ ಉಂಗುರದ ಆಕಾರವೂ ಅಳಿಸಿಹೋಗಿ, ನೋಡಿದ ವೈದ್ಯರಿಗೂ ಅದು ಏನೆಂದು ಮೊದಲ ನೋಟಕ್ಕೆ ತಿಳಿಯದಂತಾಗುತ್ತದೆ.

ತೊಡೆಯ ಮೇಲಿನ ಗೀರುಗಳು ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿ ಬಿರುಕು ಬಿಟ್ಟದ್ದರಿಂದ ಆದವು. ಅವು ಕೆಂಪಿನಿಂದ ಬಿಳಿಗೆ ತಿರುಗಬಹುದು, ಪೂರ್ತಿ ಹೋಗುವುದಿಲ್ಲ. ಇದನ್ನು ಬರೆಯುವಾಗ ನನಗೇ ಬೇಸರವಾಗುತ್ತದೆ. ನನ್ನ ಸ್ವಂತ ಸೋದರಳಿಯ ಮದುವೆಗೆ ಮೂರು ತಿಂಗಳಿರುವಾಗ ಮುಖ ಬೆಳ್ಳಗಾಗಲೆಂದು ಅಂಗಡಿಯೊಂದರಲ್ಲಿ ಇಂಥದೇ ಟ್ಯೂಬು ತಂದು, ನನಗೂ ಹೇಳದೆ ಹಚ್ಚಿಕೊಂಡಿದ್ದ. ಮೊದಲ ತಿಂಗಳು ಮುಖ ಹೊಳೆಯಿತು. ಎರಡನೆಯ ತಿಂಗಳು ಬಿಸಿಲಿಗೆ ಹೋದರೆ ಉರಿ, ಕೆನ್ನೆಯ ಮೇಲೆ ದಾರದೆಳೆಯಂಥ ರಕ್ತನಾಳಗಳು, ಗಲ್ಲದ ತುಂಬ ಮೊಡವೆ. ಗಾಬರಿಯಾಗಿ ಒಂದೇ ದಿನಕ್ಕೆ ನಿಲ್ಲಿಸಿದ. ಮುಖವೆಲ್ಲ ಊದಿ ಕೆಂಪಾಗಿ, ಲಗ್ನಪತ್ರಿಕೆ ಹಂಚಲೂ ಹೊರಗೆ ಹೋಗಲಾಗಲಿಲ್ಲ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರು ತಾವಾಗಿ ನಿಲ್ಲಿಸದೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕೆನ್ನುವುದು ಇದಕ್ಕೇ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಹದಿನಾಲ್ಕನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಪಟ್ಟಿ ಪಟ್ಟಿಯಲ್ಲಿದೆ, ಟ್ಯೂಬು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದೆ.

ನಿಮ್ಮ ಚಿಕಿತ್ಸೆಗೆ ಚರ್ಮವೈದ್ಯರನ್ನು ಕಾಣಲೇಬೇಕು. ಹಾಸನದ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗ ನಿಮಗೆ ದೂರವಲ್ಲ. ಹೆರೆದು ತೆಗೆದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಹಿಂದೆ ಕೆಲವೇ ವಾರಗಳಲ್ಲಿ ಗುಣವಾಗುತ್ತಿದ್ದ ಈ ರೋಗ ಈಚಿನ ವರ್ಷಗಳಲ್ಲಿ ಮೊಂಡು ಹಿಡಿದಿದೆ. ಟರ್ಬಿನಾಫಿನ್ ಎಂಬ ಹಳೆಯ ನಂಬಿಕೆಯ ಔಷಧಕ್ಕೆ ಅನೇಕ ವೇಳೆ ಬಗ್ಗದ ಶಿಲೀಂಧ್ರವೊಂದು ನಮ್ಮ ದೇಶದಲ್ಲಿ ವ್ಯಾಪಕವಾಗಿದ್ದು, 2020ರಲ್ಲಿ ಅದಕ್ಕೆ ‘ಟ್ರೈಕೊಫೈಟಾನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಸೇರಿಕೊಂಡಿರುವುದು ಹೆಮ್ಮೆಪಡುವ ವಿಷಯವೇನಲ್ಲ. ಆದ್ದರಿಂದ ಮಾತ್ರೆಯನ್ನೂ ಮುಲಾಮನ್ನೂ ಎಷ್ಟು ವಾರ ಹೇಳಿದರೋ ಅಷ್ಟು ವಾರ, ಚರ್ಮ ತಿಳಿಯಾದ ಮೇಲೂ ಎರಡು ವಾರದಷ್ಟು ಹೆಚ್ಚಾಗಿಯೇ ಮುಂದುವರಿಸಬೇಕಾಗುತ್ತದೆ. ಮುಲಾಮನ್ನು ಉಂಗುರದ ಮೇಲಷ್ಟೇ ಅಲ್ಲ, ಅದರ ಅಂಚಿನಿಂದ ಎರಡು ಬೆರಳಿನಷ್ಟು ಹೊರಗೂ ಹಚ್ಚಬೇಕು. ತಂಗಿಗೂ ಅದೇ ಹೊತ್ತಿಗೆ ಚಿಕಿತ್ಸೆ ಆಗಬೇಕು. ಟವೆಲ್ಲು, ಒಳಉಡುಪು ಬೇರೆಬೇರೆ ಇರಲಿ, ಒಗೆದದ್ದನ್ನು ಬಚ್ಚಲಮನೆಯ ಹಗ್ಗಕ್ಕೆ ಹಾಕದೆ ಬಿಸಿಲಿಗೆ ಹಾಕಿ. ಬೆವರು ಹಿಡಿದಿಡುವ ಬಿಗಿ ಜೀನ್ಸನ್ನು ಕೆಲವು ತಿಂಗಳು ಬಿಟ್ಟು ಪಂಚೆಯನ್ನೋ ಸಡಿಲ ಹತ್ತಿಯ ಪ್ಯಾಂಟನ್ನೋ ಹಾಕಿ.

ಪ್ರಶ್ನೆ: ಏಳು ವರ್ಷದ ಮಗನ ಕೆನ್ನೆಗಳ ಮೇಲೆ ಬೆಳ್ಳಗೆ ಮಚ್ಚೆಗಳಾಗಿವೆ. ಪಕ್ಕದ ಮನೆಯವರು ಹೊಟ್ಟೆಯಲ್ಲಿ ಜಂತುಹುಳು ಇದೆ ಎನ್ನುತ್ತಾರೆ, ಅತ್ತೆ ತೊನ್ನು ಇರಬಹುದೆಂದು ಹೆದರಿದ್ದಾರೆ. (ಅರಕಲಗೂಡು)

ಉತ್ತರ: ಮಗುವನ್ನು ಹಗಲು ಬೆಳಕಿಗೆ ಕರೆದುಕೊಂಡು ಬಂದು ಮಚ್ಚೆಯ ಅಂಚನ್ನು ನೋಡಿ. ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಹೇಳಲಾಗದಂತೆ ಅಂಚು ಕದಡಿದ್ದರೆ, ಬಣ್ಣ ಹಾಲಿನಂತೆ ಬಿಳುಪಾಗದೆ ಬರೀ ಮಾಸಿದ್ದರೆ, ಬೆರಳಾಡಿಸಿದಾಗ ನಯವಾದ ಹೊಟ್ಟು ತಾಗಿದರೆ ಅದು ಮಕ್ಕಳಲ್ಲಿ ತೀರಾ ಸಾಮಾನ್ಯವಾದ, ಒಣಚರ್ಮದಿಂದ ಬರುವ ಮೃದು ಇಸುಬು. ಬೇಸಿಗೆ ರಜೆಯಲ್ಲಿ ಆಡಿ ಸುತ್ತಲಿನ ಚರ್ಮ ಕಪ್ಪಾದಾಗ ಈ ಮಚ್ಚೆ ಎದ್ದು ಕಾಣುತ್ತದೆ, ಆಗಲೇ ಮನೆಯವರ ಕಣ್ಣಿಗೆ ಬೀಳುತ್ತದೆ. ಸ್ನಾನವಾದ ಕೂಡಲೇ, ಮುಖದಲ್ಲಿ ಇನ್ನೂ ತೇವವಿರುವಾಗ ವ್ಯಾಸಲೀನ್ ಇಲ್ಲವೇ ಕೊಬ್ಬರಿ ಎಣ್ಣೆ ಸವರಿ, ಸೋಪು ಕಡಿಮೆ ಮಾಡಿ. ಬಣ್ಣ ಕೂಡಲು ತಿಂಗಳುಗಳು ಬೇಕು. ಜಂತುಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಜಂತುಹುಳುವಿಗಾಗಿಯೇ ತಪ್ಪದೆ ಕೊಡಿಸಿ.

ತೊನ್ನಿನ ಮಚ್ಚೆ ಸುಣ್ಣ ಬಳಿದಂತೆ ಅಚ್ಚ ಬಿಳುಪು, ಅಂಚು ಸ್ಪಷ್ಟ, ಹೊಟ್ಟು ಇರುವುದಿಲ್ಲ. ಅದು ಅಂಟುವ ರೋಗವಲ್ಲ, ಬೇಗ ಶುರುಮಾಡಿದರೆ ಚಿಕಿತ್ಸೆಗೂ ಒಗ್ಗುತ್ತದೆ. ಆ ಬಿಳಿ ಭಾಗದಲ್ಲಿ ಬಣ್ಣದ ರಕ್ಷಣೆ ಇಲ್ಲದ್ದರಿಂದ ಬಿಸಿಲಿಗೆ ಬೇಗ ಸುಡುತ್ತದೆ, ಅಲ್ಲಿ ಸನ್‌ಸ್ಕ್ರೀನ್ ಬೇಕು. ಒಂದು ಮಾತು ಮಾತ್ರ ನೆನಪಿರಲಿ: ಮಾಸಿದ ಮಚ್ಚೆಯ ಮೇಲೆ ಸ್ಪರ್ಶ ತಿಳಿಯದೆ ಹೋದರೆ ಅಥವಾ ತಣ್ಣಗೆ ಬಿಸಿ ಗೊತ್ತಾಗದಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಅದು ಕುಷ್ಠವಾಗಿದ್ದರೆ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ.

ಪ್ರಶ್ನೆ: ನಾನು ರೈತ, ವಯಸ್ಸು 52. ಮೂರು ವರ್ಷದಿಂದ ಮಳೆಗಾಲ ಶುರುವಾಗಿ ಹೊಲದ ಕಳೆ ತೆಗೆಯುವ ಹೊತ್ತಿಗೆ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ವಿಪರೀತ ತುರಿಕೆ. ಚರ್ಮ ಆನೆಯ ಚರ್ಮದಂತೆ ದಪ್ಪವಾಗಿದೆ. ಬಿಸಿಲಿನ ಅಲರ್ಜಿ ಎಂದು ಒಬ್ಬರು ಹೇಳಿದರು. ಕೊಡೆ ಹಿಡಿದು ಹೊಲ ಮಾಡಲಾಗುತ್ತದೆಯೇ? (ಅರಸೀಕೆರೆ)

ಉತ್ತರ: ಕನ್ನಡಿಯ ಮುಂದೆ ನಿಂತು ಮೂರು ಜಾಗ ನೋಡಿಕೊಳ್ಳಿ: ಮೇಲಿನ ಕಣ್ಣುರೆಪ್ಪೆ, ಕಿವಿಯ ಹಿಂಭಾಗ, ಗಲ್ಲದ ಕೆಳಗಿನ ಮರೆ. ಈ ಮೂರೂ ಬಿಸಿಲು ನೇರವಾಗಿ ಬೀಳದ ಸಂದುಗಳು. ಬಿಸಿಲಿನ ಅಲರ್ಜಿ ಸಾಮಾನ್ಯವಾಗಿ ಇವನ್ನು ಬಿಟ್ಟು ಹಣೆ, ಮೂಗು, ಕೆನ್ನೆಯ ಉಬ್ಬು, ಮುಂಗೈಗಳನ್ನು ಹಿಡಿಯುತ್ತದೆ. ಆದರೆ ಗಾಳಿಯಲ್ಲಿ ಹಾರಿಬರುವ ಧೂಳು ಎಲ್ಲ ಮಡಿಕೆಯಲ್ಲೂ ಹೋಗಿ ಕೂರುತ್ತದೆ. ಮೊಣಕೈ ಮಡಿಕೆಯಲ್ಲೂ ತುರಿಕೆಯಿದೆ ಎಂದು ನೀವೇ ಬರೆದಿದ್ದೀರಿ. ನನ್ನ ಅನುಮಾನ ಬಿಸಿಲಿಗಿಂತ ಮೊದಲು ಪಾರ್ಥೇನಿಯಂ ಮೇಲೆ, ಅಂದರೆ ನಿಮ್ಮ ಕಡೆ ಕಾಂಗ್ರೆಸ್ ಗಿಡ ಎನ್ನುವ ಬಿಳಿ ಹೂವಿನ ಕಳೆಯ ಮೇಲೆ. ಅಮೆರಿಕ ಖಂಡದಿಂದ ಬಂದ ಈ ಗಿಡ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶದ ಹಾಳುಬಿದ್ದ ಜಾಗಗಳನ್ನೆಲ್ಲ ತನ್ನದಾಗಿಸಿಕೊಂಡಿತು. ಅದನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊ ಮೂಲದ ದುಂಬಿಯನ್ನು ಬಿಟ್ಟರು. ದುಂಬಿ ಮಳೆಗಾಲದಲ್ಲಿ ಒಂದಿಷ್ಟು ತಿನ್ನುತ್ತದೆ, ಗಿಡ ಅದಕ್ಕಿಂತ ಬೇಗ ಬೆಳೆಯುತ್ತದೆ.

ಗಿಡದ ಎಲೆಕಾಂಡಗಳ ಮೇಲಿನ ನವಿರುರೋಮ, ಒಣಗಿ ಪುಡಿಯಾದ ಎಲೆ, ಹೂವಿನ ಧೂಳು ಎಲ್ಲದರಲ್ಲೂ ಪಾರ್ಥೆನಿನ್ ಎಂಬ ಅಲರ್ಜಿಕಾರಕವಿದೆ. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆಯಲ್ಲಿ ಇದು ಖಚಿತವಾಗುತ್ತದೆ. ಕಳೆ ಕೀಳುವ ಕೆಲಸವನ್ನು ಮನೆಯಲ್ಲಿ ಅಲರ್ಜಿ ಇಲ್ಲದವರಿಗೆ, ಅವರೂ ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲೇ ಮುಗಿಸಲು ಹೇಳಿ. ಕಿತ್ತದ್ದನ್ನು ಒಣಗಿಸಿ ಸುಡಬೇಡಿ, ಹೊಗೆಯೊಡನೆ ಧೂಳೂ ಏಳುತ್ತದೆ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೊಲದಿಂದ ಬಂದವರೇ ಬಚ್ಚಲಿಗೆ ಹೋಗಿ ಮೈ ತೊಳೆದು ಬಟ್ಟೆ ಬದಲಿಸಿ. ಅದೇ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಊಟಕ್ಕೆ ಕೂತರೆ ಧೂಳು ಕತ್ತಿನಲ್ಲೇ ಉಳಿಯುತ್ತದೆ. ಆದರೂ ಬಿಸಿಲು ಎಂದವರು ಪೂರ್ತಿ ತಪ್ಪಲ್ಲ. ವರ್ಷಗಟ್ಟಲೆ ಈ ಅಲರ್ಜಿ ಇದ್ದವರಲ್ಲಿ ಕಡೆಕಡೆಗೆ ಚರ್ಮ ಬಿಸಿಲನ್ನೂ ಸಹಿಸದಂತಾಗುತ್ತದೆ. ಆದ್ದರಿಂದ ತುಂಬುತೋಳಿನ ಅಂಗಿ, ಕತ್ತು ಮುಚ್ಚುವ ಟೋಪಿ ಎರಡಕ್ಕೂ ಮದ್ದು. ಈ ಹಂತದಲ್ಲಿ ಬರೀ ಮುಲಾಮು ಸಾಲದೆ, ರಕ್ತಪರೀಕ್ಷೆ ಮಾಡಿಸುತ್ತಾ ತೆಗೆದುಕೊಳ್ಳುವ ಮಾತ್ರೆಗಳು ಬೇಕಾಗಬಹುದು. ಇನ್ನೊಂದು ಮಾತು: ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದರೆ ಆ ಚೀಟಿಯನ್ನೂ ವೈದ್ಯರಿಗೆ ತೋರಿಸಿ. ಹೈಡ್ರೋಕ್ಲೋರೋಥಯಜೈಡ್ ಎಂಬ ಮಾತ್ರೆ ಕೆಲವರ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತದೆ.

ಪ್ರಶ್ನೆ: ಹಣೆಯಲ್ಲಿ ಸ್ಟಿಕ್ಕರ್ ಬೊಟ್ಟು ಇಡುವ ಜಾಗ ಬೆಳ್ಳಗಾಗಿದೆ. ಕುಂಕುಮ ಇಡಬಹುದೇ? (ಹಾಸನ)

ಉತ್ತರ: ಕೆಲವು ಬೊಟ್ಟುಗಳ ಅಂಟಿನಲ್ಲಿರುವ ರಾಸಾಯನಿಕವು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಕೊಲ್ಲುತ್ತದೆ. ಸ್ಟಿಕ್ಕರನ್ನು ಪೂರ್ತಿ ಬಿಟ್ಟುಬಿಡಿ, ಅಂಚು ಹರಡುವ ಮೊದಲು ಚಿಕಿತ್ಸೆ ಶುರುಮಾಡಿ. ಅಗ್ಗದ ಕುಂಕುಮದ ಕೃತಕ ಬಣ್ಣಗಳೂ ಕೆಲವರಿಗೆ ಒಗ್ಗದೆ ಕಪ್ಪು ಕಲೆ ಮಾಡುತ್ತವೆ. ಗುಣವಾಗುವವರೆಗೆ ಹಣೆ ಖಾಲಿಯಿದ್ದರೂ ಯಾರೂ ಏನೂ ಅಂದುಕೊಳ್ಳಬಾರದು. ಅಂದುಕೊಂಡರೆ ಈ ಪುಟ ತೋರಿಸಿ.

ಪ್ರಶ್ನೆ: ಮಂಗನ ಕಾಯಿಲೆಯ ಭಯದಿಂದ ಕಾಡಿಗೆ ಹೋಗುವಾಗ ಉಣುಗು ಬರದಂತೆ ಡೇಪಾ ಎಣ್ಣೆ ಹಚ್ಚುತ್ತೇವೆ. ಸನ್‌ಸ್ಕ್ರೀನ್ ಅದರ ಮೇಲೆ ಹಚ್ಚಬೇಕೋ ಕೆಳಗೋ? (ಕೊಪ್ಪ)

ಉತ್ತರ: ಮೊದಲು ಸನ್‌ಸ್ಕ್ರೀನ್, ಅದು ಚರ್ಮಕ್ಕೆ ಹಿಡಿಯಲು ಕಾಲು ಗಂಟೆ ಬಿಟ್ಟು ಆಮೇಲೆ ಎಣ್ಣೆ. ಎರಡನ್ನೂ ಅಂಗೈಯಲ್ಲಿ ಕಲಸಿ ಒಟ್ಟಿಗೆ ಹಚ್ಚಬೇಡಿ. ಮುಚ್ಚಿಕೊಳ್ಳಬಹುದಾದ ಕಡೆ ಬಟ್ಟೆ ಮುಚ್ಚಿದರೆ ಸನ್‌ಸ್ಕ್ರೀನಿನ ಗೊಡವೆಯೇ ಇಲ್ಲ.

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಹರಡಿ ಕೈಯಾಡಿಸುವ ಹೆಣ್ಣಾಳುಗಳ ಮುಖ, ಮುಂಗೈ ಸುಟ್ಟು ಕರ್ರಗಾಗುತ್ತದೆ. ಎಲ್ಲರಿಗೂ ಒಂದೊಂದು ಸನ್‌ಸ್ಕ್ರೀನ್ ಕೊಡಿಸಬೇಕೆಂದಿದ್ದೇನೆ. ಯಾವುದು ಒಳ್ಳೆಯದು? (ಸಕಲೇಶಪುರ)

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ ದುಡ್ಡನ್ನು ಬೇರೆ ಕಡೆ ಹಾಕಿ ಎನ್ನುತ್ತೇನೆ. ತೋಟದ ಒಳಗೆ ಸಿಲ್ವರ್ ಓಕ್, ಹಾಲವಾಣಗಳ ನೆರಳಿರುತ್ತದೆ. ಕಣದಲ್ಲಿ ಅದಿಲ್ಲ; ಸಿಮೆಂಟಿನ ನೆಲ ಕೆಳಗಿನಿಂದಲೂ ಒಂದಿಷ್ಟು ಕಿರಣಗಳನ್ನು ಮುಖಕ್ಕೆ ಎಸೆಯುತ್ತದೆ. ದಿನವಿಡೀ ಬೆವರುವ ಮೈಗೆ ಸನ್‌ಸ್ಕ್ರೀನ್ ಕೆಲಸ ಮಾಡಬೇಕಾದರೆ ಎರಡು ಗಂಟೆಗೊಮ್ಮೆ ಹಚ್ಚಬೇಕು. ಮುಖ, ಕತ್ತು, ಮುಂಗೈ ಎಲ್ಲ ಸೇರಿದರೆ ಒಬ್ಬರಿಗೆ ಒಂದು ಟ್ಯೂಬು ವಾರಕ್ಕೂ ಸಾಲದು. ಕಾಫಿಯ ಧೂಳು ಹತ್ತಿದ ಕೈಯಲ್ಲಿ ಅದನ್ನು ಯಾರೂ ಹಚ್ಚಿಕೊಳ್ಳುವುದೂ ಇಲ್ಲ.

ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ಲು ಸುತ್ತಿಕೊಂಡು ಬರುವ ಅವರ ಪದ್ಧತಿ ನಾನು ಬರೆದುಕೊಡಬಹುದಾದ ಯಾವ ಚೀಟಿಗಿಂತಲೂ ಉತ್ತಮ. ಅದನ್ನೇ ಇನ್ನಷ್ಟು ಚೆನ್ನಾಗಿ ಮಾಡಿಕೊಡಿ. ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದಾಗ ಆಚೆಯದು ಕಾಣದಷ್ಟು ಒತ್ತಾದ ನೇಯ್ಗೆಯ, ಗಾಢ ಬಣ್ಣದ ಹತ್ತಿ ಅಂಗಿಗಳನ್ನು ಕೊಡಿಸಿ. ತೊಳೆದು ತೊಳೆದು ಜಾಳಾದ ಬಿಳಿ ಅಂಗಿ ಹೆಚ್ಚೇನೂ ತಡೆಯದು. ಟವೆಲ್ಲು ನೆತ್ತಿಯನ್ನು ಮುಚ್ಚುತ್ತದೆ, ಮುಖವನ್ನಲ್ಲ. ಅದರ ಮೇಲೆ ಅಗಲ ಅಂಚಿನ ಟೋಪಿ ಬೇಕು. ಅಡಿಕೆ ಹಾಳೆಯ ಟೋಪಿ ಹಗುರ, ಆದರೆ ಅದಕ್ಕೆ ಅಂಚು ಕಡಿಮೆ, ಕಿವಿ ಮತ್ತು ಕತ್ತಿನ ಹಿಂಭಾಗ ಬರಿದಾಗಿಯೇ ಉಳಿಯುತ್ತವೆ. ಕಣದ ಒಂದು ಅಂಚಿಗೆ ನೆರಳುಬಲೆ ಕಟ್ಟಿಸಿ, ಕಾಯಿ ಆರಿಸುವುದು, ಚೀಲ ಹೊಲಿಯುವುದು ಮೊದಲಾದ ಕೂತು ಮಾಡುವ ಕೆಲಸಗಳನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅದರ ಕೆಳಗೆ ಇಡಿ. ಕೈಯಾಡಿಸುವುದು ಬಿಸಿಲು ಏರಿದಾಗಲೇ ಆಗಬೇಕಾದ ಕೆಲಸವೆಂದು ಬಲ್ಲೆ. ಅದನ್ನು ಒಬ್ಬರಿಗೇ ದಿನವಿಡೀ ಕೊಡದೆ ಸರದಿಯ ಮೇಲೆ ಹಂಚಬಹುದು.

ಸನ್‌ಸ್ಕ್ರೀನನ್ನು ನಿಜವಾಗಿ ಕೊಡಿಸಬೇಕಾದದ್ದು ಆಳುಗಳಲ್ಲಿ ಬಂಗು, ತೊನ್ನು ಇರುವವರಿಗೆ, ಬಿಸಿಲಿಗೆ ಹೋದೊಡನೆ ಮುಂಗೈಯಲ್ಲಿ, ಕತ್ತಿನ ಹಿಂದೆ ಸಾಸಿವೆಯಂಥ ಗುಳ್ಳೆ ಏಳುವವರಿಗೆ. ಉಳಿದ ಹಣಕ್ಕೆ ಮುಂಗಾರಿಗೆ ಮೊದಲು ಎಲ್ಲರಿಗೂ ಅಳತೆಗೆ ಸರಿಯಾದ ಗಂಬೂಟು ಮತ್ತು ಎರಡು ಜೊತೆ ಹತ್ತಿಯ ಕಾಲುಚೀಲ ತನ್ನಿ. ಜುಲೈ ಹೊತ್ತಿಗೆ ಕಾಲ್ಬೆರಳ ಸಂದಿಗಳು ಬೆಂದು ಬೆಳ್ಳಗಾಗಿ, ಸೀಳಿ, ಅಲ್ಲಿಂದ ಕೀವಾಗಿ ಕಾಲು ಊದಿಸಿಕೊಂಡು ಬರುವವರು ನನ್ನ ಬಾಗಿಲಲ್ಲಿ ಬಿಸಿಲಿಗೆ ಕಪ್ಪಾಗಿ ಬರುವವರಿಗಿಂತ ಹೆಚ್ಚು. ಸಂಜೆ ಕಾಲು ತೊಳೆದ ಮೇಲೆ ಒಂದೊಂದು ಸಂದಿಯನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿಕೊಳ್ಳಬೇಕು, ಬೂಟನ್ನು ಒಲೆಯ ಹತ್ತಿರ ಬೋರಲು ಹಾಕಿ ಒಣಗಿಸಬೇಕು ಎಂದು ಅವರಿಗೆ ತಿಳಿಸಿ.